ಶಾವಿಯ ಅಮ್ಮ ಬಂದ ವಾರ

ಇವತ್ತು ಬೆಳಿಗ್ಗೆ ಸಾರಿಗೆ ಕುಟ್ಟಿ ಹಾಕೋಣವೆಂದು ಮೆಣಸಿನ ಡಬ್ಬಿಗೆ ಕೈ ಹಾಕಿದರೆ ಬೇರೊಂದು ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದದ್ದೇ ತಡ, ನಿಂಬೆಸಿಪ್ಪೆಗೆ ಕರ್ಪೂರ ತಾಗಿಸಿದಂಥ ವಾಸನೆ. ನಾಲಿಗೆಯ ಮೇಲಿಟ್ಟರೆ ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಹಾಗೆ ಬಾಯೆಲ್ಲ ಜೋಮು ಹಿಡಿಸುವ ಚೀನಾದ ಮೆಣಸು ಅದು. ತಂದುಕೊಟ್ಟವರು ಶಾವಿಯ ಅಮ್ಮ. ಒಲೆ ಆರಿಸಿ ಹಾಗೇ ನಿಂತುಬಿಟ್ಟೆ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಇದೇ ಫ್ಲ್ಯಾಟಿನ ಊಟದ ಮೇಜಿಗೆ ಆ ಭಾನುವಾರ ಕೂತಿದ್ದವರು ನಾಲ್ಕೇ ಜನ. ಈ ಕಡೆ ನಾನು, ನಮ್ಮ ಯಜಮಾನರು. ಆ ಕಡೆ ಪಕ್ಕದ ಫ್ಲ್ಯಾಟಿನ ಶಾವಿ, ಅವಳ ಅಮ್ಮ.

ಶಾವಿ ಎಂದರೆ ನಮ್ಮ ಕಡೆಯ ಶಾವಂತ್ರಿಯಲ್ಲ, ಚೀನಾದ ಹುಡುಗಿ. ಅವಳ ಹೆಸರು ಶಿಯಾವ್‌ಯೂ ಎಂದೇನೋ ಇದೆ. ನನ್ನ ಧಾರವಾಡದ ನಾಲಿಗೆ ಅದರ ಹಿಂದೆ ಎರಡು ದಿನ ಓಡಿ, ದಣಿದು, ಶಾವಿಗೆ ಬಂದು ನಿಂತಿತು. ಅವಳೂ ಒಪ್ಪಿಕೊಂಡಳು. ಹೋಟೆಲೊಂದರಲ್ಲಿ ಚೀನೀ ಪ್ರವಾಸಿಗಳನ್ನು ಸ್ವಾಗತಿಸುವ ಹೊಸ ಕೆಲಸ, ಆಗಿನ್ನೂ ಖಾಯಂ ಆಗಿರಲಿಲ್ಲ. ಅವಳ ವಯಸ್ಸಿನ ಇನ್ನೂ ಮೂರು ಹುಡುಗಿಯರ ಜೊತೆ ಇದ್ದಳು. ಲಿಫ್ಟಿನಲ್ಲಿ ಆದ ಪರಿಚಯ ಒಗ್ಗರಣೆಯ ವಾಸನೆ ಹಿಡಿದು ಅಡುಗೆಮನೆಗೆ ಬಂತು. ಆಮೇಲೆ ಅದು ಹೋಗಲೇ ಇಲ್ಲ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ, ಇಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ.

ಅವಳನ್ನು ಬೆಳೆಸಿದ್ದು ಅಜ್ಜಿ. ಶಾವಿ ನಡೆಯಲು ಕಲಿಯುವ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ದೂರದ ಪಟ್ಟಣದ ಬೂಟಿನ ಫ್ಯಾಕ್ಟರಿಗೆ ಹೋದರು. ಅಪ್ಪ ಆಮೇಲೆ ಬೇರೆ ಸಂಸಾರ ಮಾಡಿಕೊಂಡ. ಅಮ್ಮ ವರ್ಷಕ್ಕೊಮ್ಮೆ ಹೊಸ ವರ್ಷದ ಹಬ್ಬಕ್ಕೆ ಬರುತ್ತಿದ್ದರು. "ನಮ್ಮ ಕಡೆ ನನ್ನ ವಯಸ್ಸಿನವರೆಲ್ಲ ಹೀಗೇ ಆಂಟಿ, ಅಮ್ಮ ಅಂದ್ರೆ ಹಬ್ಬಕ್ಕೆ ಬರೋರು," ಎಂದಿದ್ದಳು, ಮಳೆಗಾಲ ಅಂದ್ರೆ ಜೂನ್ ಅನ್ನುವಷ್ಟು ಸಲೀಸಾಗಿ. ಸೌದೆ ಒಲೆಯ ಮುಂದೆ ಕೂತು ಪಾಠ ಓದಿದವಳು ಈಗ ಮೂವತ್ತನೇ ಮಹಡಿಯಲ್ಲಿ ನಿಂತು ಎರಡೆರಡು ಭಾಷೆಗಳಲ್ಲಿ ಸ್ವಾಗತ ಹೇಳುತ್ತಾಳೆ. ಅವಳು ಓದಿದ ಶಾಲೆ ಮಕ್ಕಳಿಲ್ಲದೆ ಮುಚ್ಚಿತು. ಊರಲ್ಲಿ ಉಳಿದದ್ದು ಅಜ್ಜಿಯೊಬ್ಬಳೇ.

ಅಜ್ಜಿಗೆ ಓದು ಬರಹ ಬಾರದು. ಇಲ್ಲಿ ನೆಟ್ಟಿನ ಕರೆಗಳು ನೆಟ್ಟಗೆ ಹೋಗುವುದಿಲ್ಲ. ಹಾಗಾಗಿ ಇಬ್ಬರದೂ ವಾಯ್ಸ್ ಮೆಸೇಜು. ಶಾವಿ ನನ್ನ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ, ತನ್ನ ಹಳ್ಳಿಯ ಭಾಷೆಯಲ್ಲಿ, ಮೈಮೇಲೆ ಗಿಣಿ ಬಂದವಳ ಹಾಗೆ ಮಾತಾಡುತ್ತಿದ್ದಳು. ಅತ್ತಲಿಂದ ಅಜ್ಜಿ ಫೋನನ್ನು ಕಿವುಡಿ ಎಂದುಕೊಂಡು ಕೂಗುತ್ತಿದ್ದಳು. ನಾನೂ ಅಜ್ಜಿಯ ಸೆರಗಿನಲ್ಲಿ ಮಾತು ಕಲಿತವಳು. ಅರ್ಥವಾಗದಿದ್ದರೂ ಆ ಬೈಗುಳಗಳೆಲ್ಲ ನನಗೆ ಪರಿಚಯದವೇ.

ಒಂದು ದಿನ ಶಾವಿ ಬಂದು ಫ್ರಿಜ್ಜಿಗೆ ಒರಗಿ ನಿಂತಳು.

"ಆಂಟಿ, ಅಮ್ಮ ಬರ್ತಿದ್ದಾಳೆ."

"ಒಳ್ಳೇದಾತಲ್ಲವಾ! ಯಾಕ ಮುಖ ಹಿಂಗ ಮಾಡಿದಿ?"

"ಹೆದರಿಕೆ ಆಗ್ತಿದೆ. ಅಮ್ಮ ಹಬ್ಬ ಬಿಟ್ಟು ಯಾವತ್ತೂ ರಜೆ ಹಾಕಿದವಳಲ್ಲ. ಅಜ್ಜಿ ಈಗೀಗ ಮಾತಾಡ್ತಾನೇ ಇಲ್ಲ. ನಾನು ಕಳಿಸಿದ್ದಕ್ಕೆಲ್ಲ ಹೂವಿನ ಚಿತ್ರ ಬರುತ್ತೆ, ಅಷ್ಟೇ."

"ಗಂಟಲು ಕಟ್ಟಿರಬೇಕು," ಎಂದೆ. ಆದರೆ ಅವಳ ಮುಖ ನೋಡದೆ ಪಾತ್ರೆ ತೊಳೆಯಲು ತಿರುಗಿದೆ.

ಗಲ್ಫಿನಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನಿಂದ ಕೆಟ್ಟ ಸುದ್ದಿ ಇಲ್ಲಿಗೆ ಮುಖ ತೋರಿಸಿಕೊಂಡು ಬರುವುದಿಲ್ಲ. "ಸ್ವಲ್ಪ ಆರಾಮಿಲ್ಲ, ಟಿಕೆಟ್ ಸಿಗ್ತದೇನು ನೋಡು" ಎಂದರೆ ಎಲ್ಲ ಮುಗಿದಿದೆ ಎಂದೇ ಲೆಕ್ಕ. ವಿಮಾನದಲ್ಲಿ ಅತ್ತು ಗಿತ್ತು ಮಾಡಿಯಾಳು ಎಂದು ಅಂಗಳಕ್ಕೆ ಬರುವವರೆಗೂ ಹೇಳುವುದಿಲ್ಲ. ಹೀಗಾಗಿ ನಮಗೆ ಒಳ್ಳೆಯ ಮಾತಿನಲ್ಲೂ ಹೆಣದ ವಾಸನೆ ಬರುತ್ತದೆ. ಒಮ್ಮೆ ನನ್ನ ತಮ್ಮ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಮಾಡಿ "ಅಕ್ಕಾ, ಕೂತಿಯೇನು?" ಎಂದ. ನಾನು ನೆಲಕ್ಕೇ ಕೂತು, ಅವ್ವನೋ ಅಪ್ಪನೋ ಎಂದು ಲೆಕ್ಕ ಹಾಕುತ್ತಿದ್ದರೆ, ಅವನು ಮಿಕ್ಸಿಯ ಗ್ಯಾರಂಟಿ ಕಾರ್ಡು ಎಲ್ಲಿಟ್ಟಿದ್ದಿ ಎಂದು ಕೇಳಿದ! ಸಿಟ್ಟಿಗೆ ವಾರ ಮಾತು ಬಿಟ್ಟಿದ್ದೆ.

ಅಮ್ಮ ಬಂದರು. ಸಣ್ಣ ಆಳು, ಕತ್ತರಿಸಿದ ಕೂದಲು, ಬೆರಳ ತುದಿಗಳೆಲ್ಲ ಬೂಟಿನ ಅಂಟು ತಾಗಿ ತಾಗಿ ನುಣುಪಾಗಿದ್ದವು. ಶಾವಿಯ ಫ್ಲ್ಯಾಟಿನಲ್ಲಿ ಜಾಗವಿರಲಿಲ್ಲ. ನಮ್ಮ ಮಗ ಕಾಲೇಜಿಗೆ ಹೋದ ಮೇಲೆ ಖಾಲಿಯಿದ್ದ ರೂಮು ಕೊಟ್ಟೆ. ತಾಯಿ ಮಗಳು ಮಾತಾಡುವುದನ್ನು ನೋಡಿದರೆ ಬ್ಯಾಂಕಿನ ಕೌಂಟರು ನೆನಪಾಗುತ್ತಿತ್ತು. ನಡುವೆ ಗಾಜೊಂದು ಇದೆಯೇನೋ ಎಂಬಷ್ಟು ಮರ್ಯಾದೆ. ಹಳ್ಳಿಯ ಭಾಷೆಯಲ್ಲ, ವಾರ್ತೆ ಓದುವವರ ಭಾಷೆ.

ಮಾರನೆಯ ದಿನ ಶಾವಿ ಕೆಲಸಕ್ಕೆ ಹೋದಾಗ ಅಮ್ಮ ಎರಡು ಫೋನು ಹಿಡಿದುಕೊಂಡು ಬಂದರು. ವೈಫೈ ಬೇಕಿತ್ತು. ಎರಡಕ್ಕೂ ಪಾಸ್‌ವರ್ಡ್ ಹಾಕಿಕೊಟ್ಟೆ. ಈಗಿನ ಕಾಲ, ಒಬ್ಬೊಬ್ಬರಿಗೆ ಎರಡೆರಡು ಇರುತ್ತವೆ ಎಂದುಕೊಂಡೆ. ಆಮೇಲೆ ಅವರು ಒಂದರಲ್ಲಿ ಏನೋ ಮಾತಾಡಿ ನನ್ನ ಕಡೆ ಹಿಡಿದರು. ಫೋನು ಕನ್ನಡದಲ್ಲಿ ಮಾತಾಡಿತು. ಕರುಣೆಯಿಲ್ಲದ, ರೈಲು ನಿಲ್ದಾಣದ ದನಿ.

"ವೃದ್ಧ ತಾಯಿ ಈಗ ಇಲ್ಲ. ಹೊಸ ಕೆಲಸ ಖಾಯಂ ಆಗುವವರೆಗೆ ಮಗುವಿಗೆ ತಿಳಿಸಬೇಡಿ ಎಂದು ಅವರೇ ಹೇಳಿದ್ದರು. ಈಗ ಖಾಯಂ ಆಗಿದೆ. ದಯವಿಟ್ಟು ನೀವು ಹೇಳಿ."

ನನ್ನ ಕೈಯಲ್ಲಿದ್ದ ಲಟ್ಟಣಿಗೆ ಅಲ್ಲೇ ನಿಂತಿತು. "ನಾನಾ? ನೀವು ತಾಯಿ, ನೀವು ಹೇಳ್ರಿ," ಎಂದೆ. ಫೋನು ಅದನ್ನು ಅವರಿಗೆ ಮುಟ್ಟಿಸಿತು. ಅವರು ಫೋನನ್ನು ಬಾಯಿಯ ಹತ್ತಿರ ಹಿಡಿದು ಮತ್ತೆ ಮಾತಾಡಿದರು.

"ನನಗೆ ಅವಳ ಪರಿಚಯ ಸಾಕಷ್ಟಿಲ್ಲ."

ಆಮೇಲಿನ ಮೂರು ದಿನ ನಾನು ನನ್ನ ಮನೆಯಲ್ಲೇ ಕಳ್ಳಿಯಾದೆ. ಕಾಲಿಂಗ್ ಬೆಲ್ ಆದರೆ ಯಜಮಾನರನ್ನು ಬಾಗಿಲಿಗೆ ಕಳಿಸುವುದು. ಶಾವಿ ಬೆಳ್ಳುಳ್ಳಿಗೆ ಕೈ ಹಾಕಿದರೆ ನಾನು ಮಿಕ್ಸಿ ಹಾಕಿಬಿಡುವುದು. "ಅಮ್ಮ ನಿಮಗೇನಾದ್ರೂ ಹೇಳಿದ್ಳಾ ಆಂಟಿ?" ಎಂದು ಕೇಳಿದಾಗ, "ಚಪಾತಿ ಮೆತ್ತಗಾಗ್ಯಾವು ಅಂದ್ರು," ಎಂದೆ. ಅವಳು ನನ್ನನ್ನು ನೋಡಿದ ನೋಟ ನನಗೆ ಹಿಡಿಸಲಿಲ್ಲ. ಅಜ್ಜಿಯನ್ನು ಬಿಟ್ಟರೆ ಈ ಹುಡುಗಿಗೆ ಭೂಮಿಯ ಮೇಲೆ ತನ್ನವರು ಎಂದು ಇದ್ದವರು ಯಾರು? ಪರಿಚಯವೇ ಸಾಲದ ಈ ತಾಯಿಯೊಬ್ಬಳೇ. ಆ ಮಾತು ನನ್ನ ಬಾಯಿಂದ ಹೊರಟ ಕ್ಷಣ ಅವಳು ಎಲ್ಲಿ ಬೀಳುತ್ತಾಳೋ ಎಂದು ನನಗೆ ಭಯ.

ಕೊನೆಗೆ ಭಾನುವಾರ ಊಟವಾದ ಮೇಲೆ ಹೇಳಿಯೇ ಬಿಡುವುದೆಂದು ಗಟ್ಟಿ ಮನಸ್ಸು ಮಾಡಿದೆ. ಎಣ್ಣೆಗಾಯಿ ಮಾಡಿದ್ದೆ. ಯಾವುದೂ ಗೊತ್ತಿಲ್ಲದ ನಮ್ಮ ಯಜಮಾನರು "ಶಾವೀ, ನಿಮ್ಮಮ್ಮಗ ಹೇಳು, ಈ ಮನ್ಯಾಗ ಇಷ್ಟು ರುಚಿ ಅಡಿಗಿ ಅತಿಥಿ ಬಂದಾಗಷ್ಟ," ಎಂದು ನಗಿಸುತ್ತಿದ್ದರು. ಶಾವಿ ನಗಲಿಲ್ಲ. ಎಡಗೈಯಲ್ಲಿ ಫೋನು ತೆಗೆದುಕೊಂಡು ತನ್ನ ಹಳ್ಳಿಯ ಭಾಷೆಯಲ್ಲಿ ಅಜ್ಜಿಗೆ ಏನೋ ಹೇಳಿದಳು. ಕಳಿಸಿದಳು.

ಅಮ್ಮನ ಕುರ್ಚಿಗೆ ತೂಗುಹಾಕಿದ್ದ ಚೀಲದೊಳಗಿಂದ ಟಿಂಗ್ ಎಂದಿತು.

"ಯಾರ ಫೋನ್ ಅದು? ತಗೀರಿ, ಅರ್ಜೆಂಟ್ ಇರಬಹುದು," ಎಂದರು ಯಜಮಾನರು.

ಅಮ್ಮನ ಫೋನು ತಟ್ಟೆಯ ಪಕ್ಕದಲ್ಲೇ ಇತ್ತು, ಸುಮ್ಮನೆ. ಶಾವಿ ಮತ್ತೊಂದು ಶಬ್ದ ಹೇಳಿ ಕಳಿಸಿದಳು. ಚೀಲ ಮತ್ತೆ ಟಿಂಗ್ ಎಂದಿತು. ಅಮ್ಮ ಕೈ ಹಿಂದೆ ಚಾಚಿ, ಕೂಸಿನ ಬಾಯಿ ಮುಚ್ಚುವ ಹಾಗೆ ಚೀಲವನ್ನು ಒತ್ತಿ ಹಿಡಿದರು. ಶಾವಿ ಫೋನು ಕೆಳಗಿಟ್ಟಳು. ಮೇಜಿನ ಕೆಳಗೆ ನಾನು ಯಜಮಾನರ ಕಾಲು ತುಳಿದಿದ್ದೆ, ಅವರು ಯಾಕೆಂದು ಕೇಳುವ ಧೈರ್ಯ ಮಾಡಲಿಲ್ಲ.

ಅಮ್ಮ ಚೀಲದಿಂದ ಆ ಎರಡನೇ ಫೋನು, ಅಜ್ಜಿಯ ಫೋನು, ತೆಗೆದು ಮೇಜಿನ ಮೇಲಿಟ್ಟು ಮಾತಾಡಿದರು. ವಾರ್ತೆಯ ಭಾಷೆಯಲ್ಲಲ್ಲ. ಅಜ್ಜಿಯ ಭಾಷೆಯಲ್ಲಿ, ಅದೇ ರಾಗ, ಅದೇ ಏರಿಳಿತ. ಶಾವಿ ತಟ್ಟೆಯನ್ನು ಬದಿಗೆ ಸರಿಸಿದಳು. ನಾನು ಎದ್ದು ನೀರು ತರುವ ನೆಪದಲ್ಲಿ ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಏನು ಹೇಳಿದರೆಂದು ಶಾವಿಯೇ ಆಮೇಲೆ ಹೇಳಿದಳು. ಅಜ್ಜಿ ಹೋದ ಮೇಲೆ ಅವಳು ಅಜ್ಜಿಗೆ ಕಳಿಸಿದ ಒಂದೊಂದು ಮಾತನ್ನೂ ಅಮ್ಮ ಫ್ಯಾಕ್ಟರಿಯ ಊಟದ ಬಿಡುವಿನಲ್ಲಿ ಕೇಳಿ, ಹೂವಿನ ಚಿತ್ರ ಕಳಿಸುತ್ತಿದ್ದರಂತೆ. ಕೆಲಸ ಖಾಯಂ ಆದ ದಿನವೇ ಹೇಳಬೇಕಿತ್ತು. "ಹೇಳಿದ್ರೆ ನೀನು ಮೆಸೇಜ್ ಕಳಿಸೋದು ನಿಲ್ಲಿಸ್ತಿದ್ದೆ. ನೀನು ಇಷ್ಟು ಮಾತಾಡ್ತೀ ಅಂತ ನನಗೆ ಗೊತ್ತೇ ಇರಲಿಲ್ಲ," ಎಂದರಂತೆ.

"ನಿನಗ ಮೊದಲೇ ಗೊತ್ತಿತ್ತಲ್ಲ?" ಎಂದು ಕೇಳಿದೆ.

"ಮೊದಲನೇ ಹೂವಿನ ಚಿತ್ರ ಬಂದ ದಿನವೇ. ಅಜ್ಜಿಗೆ ಅದನ್ನ ಕಳಿಸೋಕೆ ಬರಲ್ಲ ಆಂಟಿ. ಆದ್ರೆ ಅತ್ತ ಕಡೆ ಯಾರೋ ಕೇಳ್ತಿದಾರಲ್ಲ ಅಂತ ಕಳಿಸ್ತಾನೇ ಇದ್ದೆ," ಎಂದಳು.

ಈಗ ಊರಿನ ಫೋನು ಬಂದರೆ ನಾನೇ ಮೊದಲು ಹೇಳುತ್ತೇನೆ: ಏನಿದ್ದರೂ ನೆಟ್ಟಗೆ ಹೇಳು, ನಾನು ಕೂತೇ ಇದ್ದೇನೆ. ಹೆದರಿಕೆಯೇನೋ ಹೋಗಿಲ್ಲ.

ಅವರ ಹೊಸ ವರ್ಷದ ಹಬ್ಬ ಹತ್ತಿರ ಬಂತು. ಶಾವಿ ಟಿಕೆಟ್ ತೆಗೆಸಿದಳು, ಹಳ್ಳಿಗಲ್ಲ, ಬೂಟಿನ ಫ್ಯಾಕ್ಟರಿಯ ಪಟ್ಟಣಕ್ಕೆ. ಅಮ್ಮ ಇರುವ ಕೋಣೆಯನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ನಾನೂ ಯಜಮಾನರೂ ಏರ್‌ಪೋರ್ಟಿಗೆ ಬಿಟ್ಟು ಬಂದೆವು. ದಾರಿಯುದ್ದಕ್ಕೂ ಅವಳು ನನ್ನ ಕೈ ಬಿಡಲಿಲ್ಲ. ಅಮ್ಮ ಅರ್ಧ ದಿನ ರಜೆ ಕೇಳಿ, ಫ್ಯಾಕ್ಟರಿಯ ನೀಲಿ ಅಂಗಿಯಲ್ಲೇ ಆ ಪಟ್ಟಣದ ರೈಲು ಸ್ಟೇಷನ್ನಿಗೆ ಅವಳನ್ನು ಕರೆದುಕೊಳ್ಳಲು ಬಂದಿದ್ದರಂತೆ.