ಹಾಕಲಾ ತೆಗೆದ ಬಾಗಿಲು

ಉತ್ತರ ಮಿನ್ನೆಸೋಟದ ಆ ಗಣಿ ಊರಿನ ಕಾಲೇಜಿನಲ್ಲಿ ಹುಡುಗಿಯರ ಐಸ್ ಹಾಕಿ ಪಂದ್ಯ ನಡೆದಾಗಲೆಲ್ಲ ಪೆನಾಲ್ಟಿ ಬಾಕ್ಸಿನ ಬಾಗಿಲು ಕಾಯುವವನು ಆರ್ವಿಡ್ ಹಾಕಲಾ. ಅಂಚೆ ಹಂಚುವ ಕೆಲಸದಿಂದ ನಿವೃತ್ತನಾದ ಮೇಲೆ ಹಿಡಿದ ಬಿಟ್ಟಿ ಚಾಕರಿ. ತಪ್ಪು ಮಾಡಿದವಳು ಬಂದರೆ ಒಳಗೆ ಕೂರಿಸಬೇಕು, ಶಿಕ್ಷೆ ಮುಗಿದರೆ ಹೊರಗೆ ಬಿಡಬೇಕು. ಇಷ್ಟಕ್ಕೇ ಆ ಪುಣ್ಯಾತ್ಮ ಹೋಟೆಲಿನಲ್ಲಿ ಕಾಫಿ ಮುಂದೆ ಕೂತು, ರೆಫರಿಗಳಿಗೆಲ್ಲ ತಾನೇ ನಿಯಮ ಹೇಳಿಕೊಟ್ಟವನ ಹಾಗೆ ಕೊಚ್ಚಿಕೊಳ್ಳುತ್ತಿದ್ದ.

ಆ ಶನಿವಾರ ಸೋತರೆ ನಮ್ಮ ಹುಡುಗಿಯರ ಆ ವರ್ಷದ ಆಟವೇ ಮುಗಿಯಿತು. ಟೆಸ್ಸಾ ವುಕೆಲಿಚ್‌ಗಂತೂ ಅದು ಕಾಲೇಜಿನ ಕೊನೆಯ ವರ್ಷ. ಪಂದ್ಯ ಸಮಸಮವಾಗಿ ಮುಗಿಯುತ್ತ ಬಂದಿತ್ತು. ಎದುರು ತಂಡದವಳೊಬ್ಬಳು ಒಂಟಿಯಾಗಿ ಗೋಲಿನತ್ತ ನುಗ್ಗಿದಾಗ ಟೆಸ್ಸಾ ಹಿಂದಿನಿಂದ ಕೋಲು ಹಾಕಿ ಕೆಡವಿದಳು. ರೆಫರಿ ಪೆನಾಲ್ಟಿ ಶಾಟ್ ಕೊಟ್ಟ; ಬಿದ್ದವಳು ಎದ್ದು, ಗೋಲ್‌ಕೀಪರ್ ಒಬ್ಬಳನ್ನೇ ಎದುರಿಸಿ ಹೊಡೆಯಬೇಕು. ನಮ್ಮ ಗೋಲ್‌ಕೀಪರ್ ಅದನ್ನು ತಡೆದಳು. ಜನ ಚಾವಣಿ ಹಾರಿಹೋಗುವಂತೆ ಕೂಗಿದರು.

ಸಣ್ಣ ತಪ್ಪಿಗೆ ಶಾಟ್ ಹೊಡೆಸಿದರೆ ಲೆಕ್ಕ ಚುಕ್ತಾ. ಗೋಲಾಗಲಿ ಬಿಡಲಿ, ತಪ್ಪು ಮಾಡಿದವಳು ಮತ್ತೆ ಬಾಕ್ಸಿನಲ್ಲಿ ಕೂರಬೇಕಾಗಿಲ್ಲ. ದೊಡ್ಡ ತಪ್ಪಾದರೆ ಮಾತ್ರ ಶಾಟಿನ ಮೇಲೆ ಶಿಕ್ಷೆಯೂ ಉಂಟು. ಟೆಸ್ಸಾಳದು ಸಣ್ಣದೇ. ಆದರೆ ಅವಳು ತಲೆ ತಗ್ಗಿಸಿಕೊಂಡು ರೂಢಿಯಂತೆ ಬಾಕ್ಸಿಗೇ ಬಂದಳು. ಹಾಕಲಾನೂ ರೂಢಿಯಂತೆ ಕೂರಿಸಿ ಚಿಲಕ ಹಾಕಿದ. ಅತ್ತ ಕೋಚಮ್ಮ ಅವಳ ಜಾಗಕ್ಕೆ ಇನ್ನೊಬ್ಬಳನ್ನು ಇಳಿಸಿದಳು. ಆಟ ಮುಂದುವರಿಯಿತು.

ಹಾಕಲಾ ತಲೆ ಎತ್ತಿ ಸ್ಕೋರ್ ಬೋರ್ಡ್ ನೋಡಿದ. ಅಲ್ಲಿ ಯಾವ ಶಿಕ್ಷೆಯೂ ಇರಲಿಲ್ಲ.

"ಅಯ್ಯೋ, ನೀನ್ಯಾಕಮ್ಮ ಇಲ್ಲಿ ಕೂತಿದ್ದೀಯ? ಶಾಟ್ ಆಯ್ತಲ್ಲ!"

"ನೀವೇ ತಾನೆ ತಾತ ಕೂರ್ಸಿದ್ದು?"

"ಮಾತು ಆಮೇಲೆ. ಏಳು, ಓಡು!"

ಬಾಗಿಲು ತೆಗೆದೇಬಿಟ್ಟ. ಐಸ್ ಮೇಲೆ ಗೋಲ್‌ಕೀಪರ್ ಬಿಟ್ಟು ಇರಬೇಕಾದ ಐವರೂ ಆಗಲೇ ಇದ್ದರು, ಟೆಸ್ಸಾ ಆರನೆಯವಳಾದಳು. ರೆಫರಿ ಪೀಪಿ ಊದಿದ. ಹೆಚ್ಚಿಗೆ ಆಳು ಇಳಿಸಿದ್ದಕ್ಕೆ ತಂಡಕ್ಕೆ ಎರಡು ನಿಮಿಷದ ಶಿಕ್ಷೆ: ಅಷ್ಟು ಹೊತ್ತು ಯಾರಾದರೊಬ್ಬಳು ಬಾಕ್ಸಿನಲ್ಲಿ ಕೂರಬೇಕು, ಉಳಿದವರು ಒಬ್ಬಳು ಕಮ್ಮಿಯಾಗಿ ಆಡಬೇಕು.

"ಯಾರದು ಬಾಗ್ಲು ತೆಗ್ದಿದ್ದು?" ಕೋಚಮ್ಮ ಆ ಕಡೆಯಿಂದ ಕಿರುಚಿದಳು.

ಹಾಕಲಾ ಚಿಲಕದ ಮೇಲಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ.

"ನಾನೇ ಕೋಚ್, ಹೊರಗ್ ಬಂದ್ಬಿಟ್ಟೆ," ಎಂದಳು ಟೆಸ್ಸಾ.

"ಹಾಗಿದ್ರೆ ತಂಡದ ಶಿಕ್ಷೇನೂ ನೀನೇ ಕೂತು ಮುಗಿಸು, ಹೋಗು."

ಮತ್ತೆ ಬಂದಳು. ಮತ್ತೆ ಕೂರಿಸಿದ. ಗಾಜಿನ ಹಿಂದೆ ಯಾರೋ ನಕ್ಕರು: "ಹಾಕಲಾ, ತೆಗೀಲಾ ಅಂತ ಒಂದ್ ಮಾತು ಕೇಳ್ಬಾರ್ದಿತ್ತೇನಯ್ಯಾ?" ಅವನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ನಗುವವರು ನಗಲಿ, ಅದು ಹೋಗಲಿ. ಮೊಮ್ಮಗಳ ವಯಸ್ಸಿನ ಹುಡುಗಿಯ ಬೆನ್ನ ಹಿಂದೆ ಅವಿತುಕೊಂಡೆನಲ್ಲ, ಥೂ ನನ್ನ ಜನ್ಮಕ್ಕೆ! ಪಕ್ಕದಲ್ಲೇ ಅವಳು ಏದುಸಿರು ಬಿಡುತ್ತಿದ್ದಳು. ಅತ್ತ ತಿರುಗುವ ಧೈರ್ಯವಾಗಲಿಲ್ಲ.

ಎದುರಿನವರು ಗೋಲು ಹೊಡೆದರು. ಗೋಲಾದರೆ ಇಂಥ ಶಿಕ್ಷೆ ಅಲ್ಲಿಗೇ ಮುಗಿಯುತ್ತದೆ.

"ಮಗಳೇ, ಈಗ್ಲೇ ಹೋಗಿ ಹೇಳ್ತೀನಿ, ತಪ್ಪು ನಂದೇ ಅಂತ," ಎಂದ.

ಟೆಸ್ಸಾ ಹೆಲ್ಮೆಟ್ ಸರಿಮಾಡಿಕೊಂಡು ಎದ್ದಳು. "ಆಗ ಹೇಳ್ಬೇಕಿತ್ತು ತಾತ," ಎಂದಳು. "ಈಗ ಬಾಗ್ಲು ತೆಗೀರಿ."