ಫೋನಿನಲ್ಲಿ ಕೇಳದ ಡಮಾಮಿ

ಸುದ್ದಿ ಬಂದ ಹೊತ್ತಿಗೆ ನಾವು ಮೂವರೂ ಕೆಳಗಿನ ಅಂಗಳದಲ್ಲಿ ಕೂತಿದ್ದೆವು. ಮನೆಯ ಹಿರಿಯರಾದ ಬೀಬಿ ಚಾಪೆಯ ಮೇಲೆ ಕಾಲು ಚಾಚಿಕೊಂಡು ಖರ್ಜೂರದ ಬೀಜ ಬಿಡಿಸುತ್ತಿದ್ದರು. ಅವರ ಮನೆಗೆಲಸಕ್ಕಿದ್ದವಳು ಹಗ್ಗದಿಂದ ತೆಗೆದ ಬಟ್ಟೆ ಮಡಿಸುತ್ತಿದ್ದಳು. ನಾನು ಮೇಲಿನ ಮಹಡಿಯ ಬಾಡಿಗೆಯವಳು. ಗಂಡ ಪ್ಲಾಂಟಿಗೆ, ಮಕ್ಕಳು ಶಾಲೆಗೆ ಹೋದ ಮೇಲೆ ಕೆಳಗಿಳಿದು ಬಂದು ಇವರಿಬ್ಬರ ನಡುವೆ ಕೂರುವುದು ನನಗೆ ರೂಢಿಯಾಗಿತ್ತು. ಮಸ್ಕತ್ತಿನ ಅಲ್ ಮಬೇಲಾದಲ್ಲಿ ನನಗಿದ್ದ ತವರುಮನೆ ಎಂದರೆ ಆ ಚಾಪೆ.

ಬೀಬಿ ಎಂದರೆ ಅವರ ಮಾತಿನಲ್ಲಿ ಅಜ್ಜಿ. ಒಮಾನದವರೇ. ಆದರೆ ಅವರ ತಾಯಿಯ ಕಡೆಯವರನ್ನು ಹಿಂದೆಂದೋ ಆಫ್ರಿಕಾದ ಕರಾವಳಿಯಿಂದ ದೋಣಿಯಲ್ಲಿ ತಂದು ಮಾರಿದ್ದರಂತೆ. ಕೆಲಸದವಳು ನಮ್ಮ ಹಳಿಯಾಳದ ಕಡೆಯ ಸಿದ್ದಿಯವಳು. ಅವಳ ಹಿರಿಯರನ್ನೂ ಅದೇ ಆಫ್ರಿಕಾದಿಂದಲೇ ಗುಲಾಮರನ್ನಾಗಿ ನಮ್ಮ ದೇಶದ ದಡಕ್ಕೆ ಇಳಿಸಿದ್ದು. ಅವರು ತಪ್ಪಿಸಿಕೊಂಡು ಕಾಡು ಸೇರಿ, ತಲೆಮಾರುಗಳಿಂದ ಅಲ್ಲಿಯವರೇ ಆಗಿ ಉಳಿದವರು. ಅವಳು ಮೊದಲ ದಿನ ಟ್ರಂಕು ಹಿಡಿದು ಬಾಗಿಲಲ್ಲಿ ನಿಂತಾಗ ಬೀಬಿ ಹೊಟ್ಟೆ ಹಿಡಿದು ನಕ್ಕಿದ್ದರು. "ಇಂಡಿಯಾದವಳು ಬೇಕು ಅಂತ ಏಜೆಂಟನಿಗೆ ಹೇಳಿದ್ದೆ. ನೋಡು, ನಮ್ಮ ಚಿಕ್ಕಮ್ಮನ ಮಗಳನ್ನೇ ಕಳಿಸಿದ್ದಾನೆ!" ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಾಗ ಅವಳೂ ನಕ್ಕಳು. "ಹಂಗಾದ್ರ ಚಿಕ್ಕಮ್ಮನ ಮನೀಗೇ ಬಂದೀನಿ ತಗೋರಿ ಅಕ್ಕಾರ," ಅಂದಳು. ಅಂದಿನಿಂದ ಆ ಮನೆಯಲ್ಲಿ ಅರಬಿ, ಮುರುಕಲು ಹಿಂದಿ, ಹಳಿಯಾಳದ ಕನ್ನಡ ಎಲ್ಲ ಒಂದೇ ಗಡಿಗೆಯಲ್ಲಿ ಬೇಯುತ್ತಿದ್ದವು.

ಅವಳ ಅಕ್ಕ ಇಬ್ರಿ ಎಂಬ ಒಳನಾಡಿನ ಊರಲ್ಲಿ ಒಂದು ಮನೆಯಲ್ಲಿ ಕೆಲಸಕ್ಕಿದ್ದಳು. ಅಕ್ಕನೇ ಮೊದಲು ಬಂದವಳು, ತಂಗಿಯನ್ನು ಕರೆಸಿಕೊಂಡವಳು. ಬಂದ ಮೇಲೆ ಇಬ್ಬರೂ ಭೇಟಿಯಾಗಿರಲಿಲ್ಲ. ರಜೆ ಇವಳಿಗೆ ಸಿಕ್ಕರೆ ಅವಳಿಗಿಲ್ಲ, ಅವಳಿಗೆ ಸಿಕ್ಕರೆ ಇವಳಿಗಿಲ್ಲ.

ಅಂದು ಫೋನ್ ಬಂದದ್ದು ಊರಿನಿಂದ. ಅಕ್ಕನ ಹೆಣ ಆಗಲೇ ಮನೆ ಮುಟ್ಟಿತ್ತು. ಇಲ್ಲಿದ್ದ ತಂಗಿಗೆ ಹೇಳಬೇಕೆಂದು ಇಬ್ರಿಯ ಆ ಮನೆಯವರಿಗೂ ತೋಚಲಿಲ್ಲ, ಏಜೆಂಟನಿಗೂ ತೋಚಲಿಲ್ಲ. ಮಲಗಿದವಳು ಏಳಲಿಲ್ಲ, ಹಾರ್ಟ್ ಅಂತೆ, ಅಷ್ಟೇ ಮಾತು. ಅವಳು ಫೋನ್ ಕೆಳಗಿಟ್ಟು, ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಮುಗಿಸಿ, ನನ್ನ ಕಡೆ ತಿರುಗಿದಳು.

"ಅಕ್ಕಾರ, ಇಬ್ರಿಯಿಂದ ಏರ್‌ಪೋರ್ಟಿಗೆ ಹೋಗೋ ಗಾಡಿ ಈ ದೊಡ್ಡ ರೋಡಿನ ಮ್ಯಾಲೇ ಹೊಕ್ಕಾವಲ್ರೀ?"

ನಮ್ಮ ಮಾಳಿಗೆಯ ಮೇಲೆ ನಿಂತರೆ ಆ ರಸ್ತೆ ಕಾಣುತ್ತದೆ.

ಅವಳು ಅಳಲಿಲ್ಲ. ಆಗ ಮಾತ್ರವಲ್ಲ, ಆಮೇಲೂ ಅಳಲಿಲ್ಲ. ನೆಲ ಒರೆಸಿದಳು, ಮೀನು ತೊಳೆದಳು, ಬೀಬಿಯ ಕಾಲಿಗೆ ಎಣ್ಣೆ ತಿಕ್ಕಿದಳು. ಊಟ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ತುತ್ತು ಬಾಯಿಗಿಟ್ಟರೆ ಗಂಟಲಲ್ಲಿ ನಿಂತು ವಾಪಸು ಬರುತ್ತಿತ್ತು. ಬೀಬಿಯ ಮಗ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಬಂದ. ಡಾಕ್ಟರರು ನೋಡಿ, ಗಂಟಲಿಗೆ ಏನೂ ಆಗಿಲ್ಲ ಎಂದರಂತೆ. ಊರಿಗೆ ಕಳಿಸೋಣವೆಂದರೆ ಅವಳ ವೀಸಾದ ಕಾಗದ ಬದಲಾಗುವ ಹಂತದಲ್ಲಿತ್ತು; ಅದು ಕೈಗೆ ಬರುವತನಕ ದೇಶ ಬಿಡುವ ಹಾಗಿರಲಿಲ್ಲ. ಕಣ್ಣೆದುರಿಗೇ ಮೈ ಇಳಿಯತೊಡಗಿತು. ಬಳೆ ಮೊಣಕೈಗೆ ಏರುತ್ತಿತ್ತು.

ಒಂದು ಮಧ್ಯಾಹ್ನ ನಾನೇ ಒತ್ತಾಯ ಮಾಡಿ ಕೇಳಿದೆ. ಆಗ ಹೇಳಿದಳು. ಅವರ ಮನೆಯಲ್ಲಿ ಸತ್ತವರನ್ನು ಮಣ್ಣು ಮಾಡಿದಲ್ಲಿಗೆ ಮುಗಿಯುವುದಿಲ್ಲ. ಒಂದು ದಿನ ಗೊತ್ತುಮಾಡಿ, ಮನೆಮಂದಿಯೆಲ್ಲ ಕೂತು, ಡಮಾಮಿ ಬಾರಿಸುತ್ತ ಸತ್ತವರ ಹೆಸರು ಹಿಡಿದು ಒಳಗೆ ಕರೆಯುತ್ತಾರೆ. ಡಮಾಮಿ ಎಂದರೆ ಅವರ ಚರ್ಮದ ವಾದ್ಯ, ಡೋಲಿನ ಜಾತಿಯದು. ಬಾ, ಹಿರಿಯರ ಜೊತೆ ಕೂಡು, ಎಂದು ಕರೆದ ಮೇಲೆ ಸತ್ತವರು ಮನೆಯ ಹಿರಿಯರಲ್ಲಿ ಒಬ್ಬರಾಗುತ್ತಾರೆ. ಅಳುವುದಕ್ಕೂ ಅದೇ ದಿನ.

"ಮತ್ತ ಊರಾಗ ಮಾಡಿರ್ಬೇಕಲ್ಲವಾ?" ಎಂದೆ.

"ಮಾಡ್ಯಾರ್ರೀ. ಫೋನಿನ್ಯಾಗ ತೋರ್ಸಿದ್ರು. ಕೈ ಬಡಿಯೂದು ಕಂಡ್ತು, ಬಾಯಿ ಆಡೂದು ಕಂಡ್ತು. ಡಮಾಮಿ ಕೇಳ್ಲೇ ಇಲ್ರೀ ಅಕ್ಕಾರ."

ಫೋನು ಬರಿಯ ಗದ್ದಲವೆಂದು ತಿಳಿದು ಆ ಬಡಿತವನ್ನು ಸೋಸಿ ಎಸೆದುಬಿಟ್ಟಿತ್ತು. ನಮ್ಮ ಮನೆಯವರು ಇದನ್ನು ಕೇಳಿ, ಈಗಿನ ಫೋನುಗಳು ಹಾಗೇ, ಮನುಷ್ಯರ ದನಿಯನ್ನಷ್ಟೇ ಬಿಡುತ್ತವೆ, ಸೆಟಿಂಗ್ ಬದಲಿಸಬೇಕಿತ್ತು ಎಂದು ವಿವರಿಸಿದರು. ಇಂಜಿನಿಯರ್ ಅಲ್ಲವೇ. ನಾನು ಅದನ್ನು ಅವಳಿಗೆ ಹೇಳಲು ಹೋಗಲಿಲ್ಲ. ಅವಳ ಮಟ್ಟಿಗೆ ಅಕ್ಕ ಇನ್ನೂ ಬಾಗಿಲ ಹೊರಗೇ ನಿಂತಿದ್ದಳು.

ನಮ್ಮ ಕನ್ನಡದವರ ಕಿವಿಗೂ ವಿಷಯ ಬಿತ್ತು. ಒಳ್ಳೆಯ ಮನಸ್ಸಿನಿಂದಲೇ ಒಬ್ಬರ ಮನೆಯ ಹಾಲಿನಲ್ಲಿ ಶ್ರದ್ಧಾಂಜಲಿ ಇಟ್ಟುಕೊಂಡರು. ಕುರ್ಚಿ ಹಾಕಿಸಿದರು, ಫೋಟೋ ದೊಡ್ಡದು ಮಾಡಿಸಿ ಹಾರ ಹಾಕಿದರು. ನಾನು ಅವಳನ್ನು ಕರೆದುಕೊಂಡು ಹೋದೆ. ಬಾಗಿಲಲ್ಲಿ ಯಾರೋ ನನ್ನನ್ನು ನಿಲ್ಲಿಸಿ ಮಗನ ಪರೀಕ್ಷೆಯ ವಿಚಾರ ತೆಗೆದರು. ಅವಳು ಮುಂದೆ ಹೋದಳು. ನೋಡನೋಡುತ್ತಿದ್ದಂತೆ ಆ ಮನೆಯೊಡತಿ, ನಾವೆಲ್ಲ ವೈನಿ ಎನ್ನುವವರು, ಚಹಾದ ಟ್ರೇ ತಂದು ಅವಳ ಕೈಗಿಟ್ಟರು. ಹಿಂದಿಯಲ್ಲಿ, ಸಬ್‌ಕೋ ದೇ ದೋ, ಎಂದರು. ಕುರ್ಚಿಯ ಮೇಲಿದ್ದ ಇನ್ನೊಬ್ಬರು ಕನ್ನಡದಲ್ಲೇ, "ಆಫ್ರಿಕಾದಾಕಿನ್ನ ಇಟ್ಕೊಂಡೀರೇನ್ರೀ? ಮಾತು ತಿಳೀತೈತೇನು ಅಕಿಗೆ?" ಎಂದು ಕೇಳಿದರು. "ಹೇಳಿದ್ದು ಮಾಡ್ತಾಳ ಬಿಡ್ರಿ," ಎಂದರು ವೈನಿ. ಯಾರೋ ಕರೆತಂದ ಕೆಲಸದವಳೆಂದೇ ಅವರ ಎಣಿಕೆ.

ನಾನು ಜನರ ಕಾಲು ದಾಟಿ ಅವಳ ಹತ್ತಿರ ಹೋಗುವಷ್ಟರಲ್ಲಿ ಅವಳು ಸಾಲಿನ ಕೊನೆಯವರೆಗೂ ಚಹಾ ಕೊಟ್ಟಾಗಿತ್ತು. ಟ್ರೇ ಕಸಿದುಕೊಳ್ಳಲು ಹೋದೆ, ಬಿಡಲಿಲ್ಲ. ಅಷ್ಟರಲ್ಲಿ ಮೈಕು ಹಿಡಿದವರು, "ಮೃತರ ಸಂಬಂಧಿಕರು ದಯಮಾಡಿ ಮುಂದೆ ಬರಬೇಕು," ಎಂದರು. ಅವಳು ಟ್ರೇಯನ್ನು ಒಂದು ಕುರ್ಚಿಯ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನಡೆದು ಹೋಗಿ ಫೋಟೋದ ಪಕ್ಕ ನಿಂತು, "ನಾ ಈಕಿ ತಂಗಿರೀ," ಎಂದಳು.

ಮೌನ ಆಚರಿಸಿರೆಂದು ಹೇಳುವ ಅಗತ್ಯವೇ ಬೀಳಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ವೈನಿ ಬಂದು ಅವಳ ಕೈ ಹಿಡಿದುಕೊಂಡರು. ಏನು ಮಾತಾಡಬೇಕೆಂದು ತಿಳಿಯದೆ, "ಎಷ್ಟ್ ಚೆಂದ ಕನ್ನಡ ಮಾತಾಡ್ತೀಯಲ್ಲವಾ ನೀನು!" ಎಂದುಬಿಟ್ಟರು.

"ನಿಮ್ದೂ ಚೆಂದೈತ್ರೀ ಬಾಯಾರ," ಎಂದಳು ಇವಳು.

ಮನೆಗೆ ಬಂದು ಬೀಬಿಗೆ ನಾನು ಎಲ್ಲ ಹೇಳಿದೆ. ಚಹಾದ ಮಾತಿಗೆ ಅವರು ತಲೆಯಾಡಿಸಿದರು, ಆಶ್ಚರ್ಯಪಡಲಿಲ್ಲ. ಫೋನಿನಲ್ಲಿ ಬಡಿತ ಕೇಳಲಿಲ್ಲ ಎಂಬುದಕ್ಕೆ ಮಾತ್ರ ಖರ್ಜೂರದ ಬುಟ್ಟಿ ಪಕ್ಕಕ್ಕೆ ಸರಿಸಿದರು.

"ನಮ್ಮಮ್ಮನ ಅಮ್ಮನಿಗೆ ಕೊಂಡವರು ಬೇರೆ ಹೆಸರಿಟ್ಟರು," ಎಂದರು. "ಹೆತ್ತವರು ಇಟ್ಟ ಹೆಸರು ನಮಗೆ ಗೊತ್ತಿಲ್ಲ. ಅವಳನ್ನು ಏನೆಂದು ಕರೆಯುವುದು? ಅದಕ್ಕೇ ನಾವು ಬರೀ ಬಾರಿಸುತ್ತಿದ್ದೆವು. ಇವಳಿಗೆ ಅಕ್ಕನ ಹೆಸರಾದರೂ ಗೊತ್ತಿದೆ. ಯಲ್ಲಾ, ಏಳಿ, ಕರೆಯೋಣ."

ಸಮುದ್ರದ ಕಡೆಯ ತಮ್ಮ ಗೆಳತಿಯರಿಗೆ ಬೀಬಿ ಫೋನ್ ಮಾಡಿಸಿದರು. ಒಳಗೆ ಸಿಕ್ಕಿಕೊಂಡ ನೋವನ್ನು ಬಾರಿಸಿ, ಹಾಡಿ ಹೊರಗೆ ಕರೆಯುವುದು ಅವರ ಹೆಂಗಸರಲ್ಲೂ ಹಿಂದಿನಿಂದ ಬಂದದ್ದು. ಆದರೆ ಮಗ ಅಡ್ಡ ನಿಂತ. ಅವನು ಕೆಟ್ಟವನಲ್ಲ. ಅವನ ಮಗಳಿಗೆ ಒಂದು ಸಂಬಂಧ ಬಂದಿತ್ತು. ಅಂಗಳದಿಂದ ಆ ಬಡಿತ ಕೇಳಿದರೆ ಓಣಿಯವರು ಗುಲಾಮರ ಕುಲವೆಂದು ಮತ್ತೆ ನೆನಪು ಮಾಡಿಕೊಳ್ಳುತ್ತಾರೆ ಎಂಬುದು ಅವನ ಅಂಜಿಕೆ. ಧರ್ಮಕ್ಕೆ ಒಪ್ಪದ ಕೆಲಸ ಎಂದೂ ಹೇಳಿದ.

"ಅವರು ಯಾವತ್ತು ಮರೆತಿದ್ದರು?" ಎಂದರು ಬೀಬಿ. "ನಾವು ಸುಮ್ಮನಿದ್ದ ಮಾತ್ರಕ್ಕೆ ನಿನ್ನ ಚಪ್ಪಟೆ ಮೂಗು ಉದ್ದ ಆಯಿತೇನು? ಈ ಹುಡುಗಿ ನನ್ನ ಮನೆಯಲ್ಲಿ ಒಣಗಿ ಸಾಯುತ್ತಿದ್ದಾಳೆ. ಖಲಾಸ್."

ಅವನು ಕಾರಿನ ಬೀಗದ ಕೈ ತೆಗೆದುಕೊಂಡು ಹೊರಟುಹೋದ.

ಆ ದಿನ ಇಳಿಹೊತ್ತಿನ ನಮಾಜು ಮುಗಿಸಿಕೊಂಡು ಮುದುಕಿಯರು ಬಂದರು. ಕಾಫಿ ಕುಡಿದರು, ಒಬ್ಬರ ಮೊಣಕಾಲನ್ನು ಒಬ್ಬರು ಹಾಸ್ಯ ಮಾಡಿಕೊಂಡರು. ಲೋಬಾನದ ಹೊಗೆ ಹಾಕಿ, ಅವಳನ್ನು ನಡುವೆ ಕೂರಿಸಿ, ತಲೆಯ ಮೇಲೊಂದು ಬಟ್ಟೆ ಹೊದಿಸಿ, ಸುತ್ತ ಕೂತು ತಾವು ತಂದ ಡೋಲುಗಳನ್ನು ಬಾರಿಸತೊಡಗಿದರು. ಬಡಿತ ನನ್ನ ಎದೆಗೂಡಿಗೇ ತಗುಲುತ್ತಿತ್ತು. ಅವಳು ಮಾತ್ರ ಕಲ್ಲಿನ ಹಾಗೆ ಕೂತಿದ್ದಳು. ಹಾಡು ಬದಲಾಯಿಸಿದರು. ಮತ್ತೆ ಬದಲಾಯಿಸಿದರು. ಏನೂ ಆಗಲಿಲ್ಲ. ಬೀಬಿಯ ಹಣೆಯಲ್ಲಿ ಬೆವರೊಡೆಯಿತು. ಅವರು ಸೋತರೆಂದೇ ನಾನು ತಿಳಿದೆ.

ಆಗ ಅವಳು ತಲೆಯ ಬಟ್ಟೆ ಸರಿಸಿದಳು. "ಹಿಂಗಲ್ರೀ," ಎಂದಳು, ಕನ್ನಡದಲ್ಲೇ. ಪಕ್ಕದ ಮುದುಕಿಯ ತೊಡೆಯ ಮೇಲಿದ್ದ ವಾದ್ಯವನ್ನು ಎಳೆದುಕೊಂಡು, ಕಾಲ ಮೇಲೆ ಅಡ್ಡ ಹಾಕಿಕೊಂಡು, ಒಂದು ಕಡೆ ಅಂಗೈಯಿಂದ, ಇನ್ನೊಂದು ಕಡೆ ಬೆರಳ ತುದಿಯಿಂದ ಬಾರಿಸಿದಳು. ಮೊದಲು ತಡವರಿಸಿತು. ಮುದುಕಿಯರು ಕೈ ನಿಲ್ಲಿಸಿ ಕಿವಿಗೊಟ್ಟರು. ಆಮೇಲೆ ಒಬ್ಬೊಬ್ಬರಾಗಿ ಅವಳ ಬಡಿತದ ಹಿಂದೆ ಬಿದ್ದರು. ಅವಳು ಅಕ್ಕನ ಹೆಸರು ಕೂಗಿದಳು. ಅವರೂ ಕೂಗಿದರು, ಅರಬಿ ಬಾಯಲ್ಲಿ ಆ ಹೆಸರು ಸ್ವಲ್ಪ ಮುರಿಯಿತು, ಆದರೆ ಎಲ್ಲರೂ ಕೂಗಿದರು.

"ಬಾ ಯಕ್ಕಾ, ಒಳಗ ಬಾ... ನಾ ಇಲ್ಲೇ ಇದ್ನಲ್ಲ, ರೋಡಿನ ದಂಡಿಗೇ ಇದ್ನಲ್ಲ, ನಿನ್ನ ಯಾವಾಗ ದಾಟ್ಸಿಕೊಂಡು ಹೋದ್ರು ಯಕ್ಕಾ... ಏನಾಗಿತ್ತು ನಿನಗ? ಯಾರೂ ಹೇಳವಲ್ರು..."

ದನಿ ಒಡೆದು ಅಳು ಬಂತು. ಎಂಥ ಅಳು! ಪಕ್ಕದ ಮನೆಯ ಮಾಳಿಗೆಯ ಮೇಲೆ ಹೆಂಗಸರು ಬಂದು ನಿಂತರು. ಬೀಬಿ ಅವಳ ಬೆನ್ನು ತಿಕ್ಕುತ್ತ ತಾವೂ ಅಳುತ್ತಿದ್ದರು, ಯಾರಿಗಾಗಿ ಎಂದು ನಾನು ಕೇಳಲಿಲ್ಲ. ಅವಳ ಮಾತು ಅಲ್ಲಿ ನನ್ನೊಬ್ಬಳಿಗೇ ತಿಳಿಯುತ್ತಿತ್ತು. ತಿರುಗಿಸಿ ಹೇಳೆಂದು ಯಾರೂ ನನ್ನನ್ನು ಕೇಳಲಿಲ್ಲ.

ಕತ್ತಲಾಗುವ ಮುಂಚೆ ದೊಡ್ಡ ತಟ್ಟೆಯಲ್ಲಿ ಅನ್ನ, ಮೀನು ಬಂತು. ಮುದುಕಿಯರ ನಡುವೆ ಕೂತು ಅವಳು ಉಂಡಳು. ತುತ್ತು ಒಳಗಿಳಿಯಿತು.

ಹಾಗೆಂದು ದುಃಖ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಉಂಡಳು, ಮಲಗಿದಳು, ಮಾತಾಡಿದಳು, ಅಷ್ಟೇ. ಬಂದಿದ್ದ ಸಂಬಂಧದವರು ಆಮೇಲೆ ಏನೂ ಹೇಳಿ ಕಳಿಸಲಿಲ್ಲ. ಬಡಿತ ಕೇಳಿದ್ದಕ್ಕೋ, ಮೊದಲೇ ಮನಸ್ಸಿರಲಿಲ್ಲವೋ ಗೊತ್ತಾಗಲಿಲ್ಲ. ಮಗ ತಾಯಿಯೊಡನೆ ಮಾತು ಬಿಟ್ಟಿದ್ದ. ಅಳು ಬಂದ ಮೇಲೆ ಅವಳ ಪ್ರಶ್ನೆಯೂ ಬಾಯಿಗೆ ಬಂದಿತ್ತು. ನೆಲ ಒರೆಸುವಾಗ, ಮೀನು ತೊಳೆಯುವಾಗ ಅದೊಂದೇ: ಏನಾಗಿತ್ತು ನನ್ನ ಅಕ್ಕನಿಗೆ? ಎಷ್ಟು ದಿನದಿಂದ ಹುಷಾರಿರಲಿಲ್ಲ? ದವಾಖಾನೆಗೆ ಒಯ್ದಿದ್ದರೇ?

ಈದ್ ಕಳೆದ ಮೇಲೆ ಅವಳ ವೀಸಾದ ಕಾಗದ ಬಂತು. ಊರಿಗೆ ಹೊರಡುವ ಮೊದಲು ಇಬ್ರಿಗೆ ಹೋಗಬೇಕೆಂದಳು. ನಮ್ಮ ಮನೆಯವರು ಕಾರು ತೆಗೆದರು, ನಾನೂ ಜೊತೆಗೆ ಹೋದೆ. ಆ ಮನೆಯ ಗೇಟಿಗೆ ಒಬ್ಬ ಹೆಂಗಸು ಬಂದಳು. ಇವಳು ಹಿಂದಿಯಲ್ಲಿ ಕೇಳಿದಳು, ಕಲಿತಷ್ಟು ಅರಬಿಯಲ್ಲಿ ಮತ್ತೆ ಕೇಳಿದಳು. ಆ ಹೆಂಗಸು, ಒಳ್ಳೆಯ ಹುಡುಗಿ ಇದ್ದಳು, ದೇವರ ಇಚ್ಛೆ, ಎಂದು ಹೇಳಿ ಗೇಟು ಹಾಕಿಕೊಂಡಳು. ಇವಳು ಗೇಟನ್ನು ಬಡಿದಳು. ತೆಗೆಯಲಿಲ್ಲ. ಬಿಸಿಲು ಏರುವವರೆಗೂ ಬಡಿದಳು. ಆಮೇಲೆ ನಾನು ಅವಳ ತೋಳು ಹಿಡಿದು ಕಾರಿಗೆ ಕರೆತಂದೆ. ಮುಂದಿನ ವಾರ ಅವಳು ಊರಿಗೆ ಹೋದಳು.