ಟೇಲರ್ ಚಾಚಾ ಹೊಲಿದ ನೆರಿಗೆ

ಮೊನ್ನೆ ಇಸ್ತ್ರಿ ಗಾಡಿಯ ಮುಂದೆ ಹಾಯುವಾಗ, ನೀರು ಚಿಮುಕಿಸಿದ ರೇಷ್ಮೆಯ ಮೇಲೆ ಬಿಸಿ ಪೆಟ್ಟಿಗೆ ಓಡಿದ ವಾಸನೆ ಬಂತು. ನಿಂತುಬಿಟ್ಟೆ. ಆ ವಾಸನೆ ನನ್ನ ಪಾಲಿಗೆ ಒಬ್ಬರದೇ... ಗೋವಾದ ವಾಸ್ಕೋ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿದ್ದ ಟೇಲರ್ ಚಾಚಾ ಅವರದು.

ಗದಗಿನ ಕಡೆಯವರು. ಹೆಂಡತಿ, ಮಕ್ಕಳು ಊರಲ್ಲಿ, ಇಲ್ಲಿ ಅವರೊಬ್ಬರೇ. ಶಾಲೆಯ ಸಮವಸ್ತ್ರ, ಕಾರ್ಖಾನೆಯವರ ಪ್ಯಾಂಟುಗಳ ನಡುವೆ ಭರತನಾಟ್ಯದ ಉಡುಪನ್ನೂ ಹೊಲಿಯುತ್ತಿದ್ದರು. ನಾನೂ ಅದೇ ಗಲ್ಲಿಯಲ್ಲಿ ಒಂಟಿಯಾಗಿದ್ದ ಫೋಟೋಗ್ರಾಫರ್. ಮಧ್ಯಾಹ್ನ ಅವರ ಅಂಗಡಿಯಲ್ಲಿ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದೆ. ಹೆಚ್ಚು ಮಾತಿರುತ್ತಿರಲಿಲ್ಲ. ಕನ್ನಡ ಬಲ್ಲವರೊಬ್ಬರು ಎದುರಿಗಿದ್ದರೆ ಸಾಕಿತ್ತು.

ಒಮ್ಮೆ ನೃತ್ಯ ತಂಡವೊಂದು ತನ್ನ ಪೋಸ್ಟರಿಗೆ ಜನಜಂಗುಳಿಯ ನಡುವಿನ ಫೋಟೋ ಬೇಕೆಂದಿತು. ವೆರ್ಣಾದ ಕಾರ್ಖಾನೆಗಳಿಗೆ ಕಂಪನಿ ಬಸ್ಸುಗಳು ಹೊರಡುವ ಬೆಳಗಿನ ಹೊತ್ತಿಗೆ ಚಾಚಾ ಹೊಲಿದ ಉಡುಪು ತೊಟ್ಟ ಇಬ್ಬರು ಹುಡುಗಿಯರನ್ನು ನಿಲ್ದಾಣದಲ್ಲಿ ನಿಲ್ಲಿಸಿದೆ. ಜನ ಮುತ್ತಿಕೊಂಡರು. ಮೊಬೈಲು ಹಿಡಿದ ಕೈಗಳು, ಬೈಕುಗಳು, ಮೀನಿನ ಬುಟ್ಟಿಗಳು... ಹುಡುಗಿಯೊಬ್ಬಳು ಅರಮಂಡಿಗೆ, ಅರ್ಧ ಕೂತ ಭಂಗಿಗೆ, ಇಳಿದಾಗ ನೆರಿಗೆಯ ಹೊಲಿಗೆ ಮೊಣಕಾಲಿನ ಹತ್ತಿರ ಪರ್ರೆಂದು ಬಿಟ್ಟಿತು. ಯಾರೋ ಸಿಳ್ಳೆ ಹಾಕಿದರು. ಅವಳ ಕಣ್ಣು ತುಂಬಿತು. ನಾನು ಚಾಚಾಗೆ ಫೋನು ಮಾಡಿದೆ.

ಸೂಜಿ ದಾರ ಹಿಡಿದು ಓಡಿಬಂದರು. "ಆ ಕಡೆ ತಿರುಗ್ರಿ ಎಲ್ಲಾರೂ! ನಿಮ್ಮ ಮನ್ಯಾಗ ಹೆಣ್ಮಕ್ಕಳಿಲ್ಲೇನು?" ಎಂದು ಗದರಿಸಿ, ನೆಲಕ್ಕೆ ಮೊಣಕಾಲೂರಿ ಹೊಲಿದರು. "ಈಗ ಕೂಡವ್ವಾ, ಅಂಜಬ್ಯಾಡ."

ಅವಳು ಮತ್ತೆ ಅರಮಂಡಿಗೆ ಇಳಿದಳು. ಕೆಂಪು ರೇಷ್ಮೆ ಬೀಸಣಿಗೆಯಂತೆ ಬಿಚ್ಚಿಕೊಂಡಿತು. ಚಾಚಾ ನೋಡುತ್ತಲೇ ನಿಂತರು.

"ತಮ್ಮಾ, ಇಷ್ಟ್ ವರ್ಷ ಹೊಲದೇನಿ. ಬಿಚ್ಚಿಕೊಂಡದ್ದು ಇವತ್ತ ನೋಡಿದ್ದು."

ಖರೇ. ಅಂಗಡಿಯಲ್ಲಿ ಅದು ಯಾವಾಗಲೂ ಮಡಚಿಯೇ ಇರುತ್ತಿತ್ತು. ಕಾರ್ಯಕ್ರಮಕ್ಕೆ ಅವರನ್ನು ಯಾರೂ ಕರೆದಿರಲಿಲ್ಲ.

ಕ್ಯಾಮೆರಾದ ಪರದೆ ತೋರಿಸಿದರೆ ತಲೆಯಾಡಿಸಿದರು. "ಇಷ್ಟ್ ಸಣ್ಣದ್ರಾಗ ನನಗ ಕಾಣಂಗಿಲ್ಲೋ. ಆ ನೆರಿಗಿದೊಂದು ದೊಡ್ಡ ಫೋಟೋ ಮಾಡಿಸಿಕೊಡು. ಊರಾಗ ಆಕಿಗೆ ತೋರಿಸ್ಬೇಕು. ಗೋವಾದಾಗ ನಾ ಏನ್ ಮಾಡಾಕತ್ತೇನಿ ಅಂತ ಆಕಿಗೇನ್ ಗೊತ್ತೈತಿ?"

ಆಯಿತು ಎಂದೆ. ಮದುವೆಗಳ ಕೆಲಸ ಬಂತು, ನಾಳೆ ನಾಳೆ ಎನ್ನುತ್ತ ತಿಂಗಳುಗಳು ಉರುಳಿದವು. ಚಾಚಾ ಅಂಗಡಿ ಮುಚ್ಚಿ ಊರಿಗೆ ಹೋಗಿಬಿಡುತ್ತಾರೆಂದು ತಿಳಿದ ದಿನ ಗಾಬರಿಯಿಂದ ಆ ಬೆಳಗಿನ ಫೋಟೋಗಳನ್ನು ಹುಡುಕಿದೆ. ಜನ ಮುತ್ತಿದ್ದರಿಂದ ಹಿಂದೆ ಸರಿಯಲು ಜಾಗವಿಲ್ಲದೆ ಎಲ್ಲವನ್ನೂ ಹತ್ತಿರದಿಂದಲೇ ತೆಗೆದಿದ್ದೆ. ಮುಖ, ಕಣ್ಣು, ಕೈ. ಒಂದರಲ್ಲೂ ಸೊಂಟದ ಕೆಳಗೆ ಏನೂ ಇರಲಿಲ್ಲ. ಮತ್ತೆ ತೆಗೆಯೋಣವೆಂದರೆ ಆ ಹುಡುಗಿಯೂ ಮದುವೆಯಾಗಿ ಮುಂಬೈಗೆ ಹೋಗಿದ್ದಳು.

ಇದ್ದುದರಲ್ಲಿ ಚೆನ್ನಾಗಿರುವುದನ್ನು ದೊಡ್ಡದಾಗಿ ಮಾಡಿಸಿಕೊಂಡು ಹೋದೆ, ಕ್ಷಮೆ ಕೇಳಲೆಂದೇ. ಚಾಚಾ ಗಂಟುಮೂಟೆಯ ನಡುವೆ ಕೂತಿದ್ದರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. "ಸೂಜ್ಯಾಗ ದಾರ ಹಾಕಾಕ ಆಗವಲ್ದು" ಎಂದರು. ಫೋಟೋವನ್ನು ಬೆಳಕಿಗೆ ಹಿಡಿದರು, ಮುಖದ ಹತ್ತಿರ ತಂದರು, ಮತ್ತೆ ದೂರ ಹಿಡಿದರು.

"ನೆರಿಗಿ ಪೂರಾ ಬಿಚ್ಚೇತೇನು?"

ಆಗಲೇ ನಾನು ಹೇಳಬೇಕಿತ್ತು...

"ಬಿಚ್ಚೇತ್ರಿ ಚಾಚಾ. ಪೂರಾ."

ಅವರ ಮುಖ ಅರಳಿತು. ಫೋಟೋವನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ, ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡರು. ಬಸ್ಸು ಹತ್ತಿಸಿ ಬಂದೆ. ಆಮೇಲೆ ಫೋನು ಮಾಡಲು ನನಗೆ ಮುಖವಿರಲಿಲ್ಲ.

ಮೊನ್ನೆ ಆ ವಾಸನೆಯ ಬೆನ್ನಿಗೇ, ನಾನೂ ಎಂದೋ ಬಿಟ್ಟಿದ್ದ ಆ ಗಲ್ಲಿಗೆ ಹೋದೆ. ಅವರ ಅಂಗಡಿಯ ಜಾಗದಲ್ಲಿ ಈಗ ಮೊಬೈಲು ರಿಪೇರಿ. ಪಕ್ಕದ ಚಹಾದಂಗಡಿಯವನು ಅವರ ಊರಿನವನೇ.

"ಚಾಚಾ ತೀರಿ ಹೋಗಿ ಎಂಟು ತಿಂಗಳಾತ್ರಿ. ನಿಮಗ ಗೊತ್ತಿಲ್ಲೇನು?" ಎಂದ. "ನಿಮ್ಮ ಫೋಟೋ ಪಡಸಾಲ್ಯಾಗ ಹಾಕ್ಯಾರ. ಮಂದಿ ಬಂದ್ರ ಸಾಕು, ನೋಡ್ರಿ, ನಾ ಹೊಲದ ನೆರಿಗಿ ಹೆಂಗ ಬಿಚ್ಚೇತಿ ಅಂತ ತೋರಸ್ತಿದ್ರು."

"ಮಂದಿ ಏನಂತಿದ್ರು?"

ಅವನು ತೊಳೆದ ಗ್ಲಾಸನ್ನೇ ಮತ್ತೊಮ್ಮೆ ತೊಳೆದ. "ಚಲೋ ಬಿಚ್ಚೇತಿ ಅಂತಿದ್ರು. ಎಲ್ಲಾರಕಿಂತ ಮೊದ್ಲ ಹಂಗಂದಾಕಿ ಅವ್ರ ಹೆಂಡ್ತಿ, ಚಾಚಿನ."

ಅಂದರೆ ಫೋಟೋದಲ್ಲಿ ನೆರಿಗೆಯೇ ಇಲ್ಲವೆಂದು ಆ ಮನೆಯಲ್ಲಿ ಚಾಚಾ ಒಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಒಮ್ಮೆ ಹೋಗಿ ಚಾಚಿಯ ಮುಂದೆ ತಪ್ಪಾಯಿತು ಎನ್ನಬೇಕೆಂದಿದ್ದೇನೆ. ಆದರೆ ಅದನ್ನು ಹೇಳಬೇಕಾದದ್ದು ಅವರಿಗಲ್ಲ... ಯಾರಿಗೆ ಹೇಳಬೇಕಿತ್ತೋ ಅವರು ಇನ್ನಿಲ್ಲ.